ಒಬ್ಬರು ಬಡೀಬೇಕು, ಒಬ್ಬರು ಬೇಯಿಸಬೇಕು

ಕಾದ ಹಂಚಿನ ಮೇಲೆ ಒಂದು ಜೋಳದ ರೊಟ್ಟಿ ಬೇಯೋಕೆ ಹೆಚ್ಚುಕಡಿಮೆ ಎರಡು ನಿಮಿಷ ಸಾಕು. ಹೊಸದಾಗಿ ಕಲಿಯೋರಿಗೆ ಅದನ್ನ ಬಡಿಯೋಕೆ ನಾಲ್ಕೈದು ನಿಮಿಷ ಹಿಡಿಯುತ್ತೆ. ರೊಟ್ಟಿ ಕೆಡೋದು ಬಹುತೇಕ ಈ ಅಂತರದಲ್ಲೇ. ಒಬ್ಬರೇ ಎರಡೂ ಕೆಲಸಕ್ಕೆ ನಿಂತರೆ ಬಡಿಯೋವಾಗ ಹಂಚು ಹೊಗೆಯಾಡುವಷ್ಟು ಕಾಯುತ್ತೆ, ಬೇಯಿಸೋವಾಗ ನಾದಿಟ್ಟ ಉಂಡಿ ಒಣಗುತ್ತೆ. ನಲವತ್ತು ವರ್ಷ ರೊಟ್ಟಿ ಬಡಿದ ಕೈಗೆ ಇದು ಲೆಕ್ಕಕ್ಕೇ ಇಲ್ಲ, ಅವರು ಒಂದು ನಿಮಿಷದೊಳಗೆ ಬಡಿದು ಎರಡನೇದಕ್ಕೆ ಕೈ ಹಾಕಿರ್ತಾರೆ. ಹೊಸ ಸಂಸಾರದಲ್ಲಿ ಅಂಥ ಕೈ ಇರೋದಿಲ್ಲ. ಇರೋದು ಎರಡು ಜೊತೆ ಹೊಸ ಕೈ. ಅವನ್ನ ಹಂಚಿಕೊಂಡರೆ ಕೆಲಸ ಆಗುತ್ತೆ ಅನ್ನೋದು ಕೊಪ್ಪಳದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಗೊತ್ತಾದ ಸಂಗತಿ.

ನಮ್ಮ ಜಿಲ್ಲೆಯ ಊಟವನ್ನ ಕಾಲುವೆ ಎರಡು ಮಾಡಿದೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯೋ ಗಂಗಾವತಿ, ಕಾರಟಗಿ ಕಡೆ ಭತ್ತ, ಆ ಮನೆಗಳಲ್ಲಿ ಎರಡು ಹೊತ್ತೂ ಸೋನಾ ಮಸೂರಿ ಅನ್ನ. ಕಾಲುವೆ ನೀರು ಹತ್ತದ ಯಲಬುರ್ಗಾ, ಕುಕನೂರು ಕಡೆ ಎರಿ (ಕಪ್ಪು ಮಣ್ಣಿನ) ಹೊಲ, ಹಿಂಗಾರಿ ಜೋಳ, ಕಡಲಿ. ಅಲ್ಲಿ ರೊಟ್ಟಿ ಇಲ್ಲದ್ದು ಊಟ ಅನ್ನಿಸಿಕೊಳ್ಳೋದಿಲ್ಲ. ನಮ್ಮ ಮನೆಯಲ್ಲಿ ಹೆಂಡತಿ ಭತ್ತದ ಕಡೆಯವಳು, ಗಂಡ ಜೋಳದ ಕಡೆಯವನು. ಜೋಳದ ಕಡೆಯವನಿಗೂ ರೊಟ್ಟಿ ತಿಂದು ಗೊತ್ತೇ ಹೊರತು ಬಡಿದು ಗೊತ್ತಿಲ್ಲ. ಅಲ್ಲಿಗೆ ಇಬ್ಬರೂ ಸೊನ್ನೆಯಿಂದಲೇ ಶುರು.

ಮೊದಲು ಹಿಟ್ಟು. ಇಬ್ಬರಿಗೆ ದಿನಕ್ಕೆ ಅರ್ಧ ಕೆಜಿ ಹಿಟ್ಟು ಸಾಕು, ಎಂಟು ರೊಟ್ಟಿ ಆಗುತ್ತವೆ. ಹಾಗಾಗಿ ಗಿರಣಿಗೆ ಒಂದು ಸಲಕ್ಕೆ ಐದು ಕೆಜಿಗಿಂತ ಹೆಚ್ಚು ಒಯ್ಯಬಾರದು, ಹತ್ತು ದಿನಕ್ಕೆ ಮುಗಿಯಬೇಕು. ಪದೇ ಪದೇ ಯಾರು ಹೋಗ್ತಾರೆ ಅಂತ ಹದಿನೈದು ಕೆಜಿ ಬೀಸಿಸಿ ತಂದರೆ ಕೊನೆಯ ಐದು ಕೆಜಿ ಹಾಳು ಅಂತಲೇ ತಿಳಿಯಿರಿ. ಜೋಳದ ಕಾಳಿನ ಮೂತಿಯಲ್ಲಿ ಎಣ್ಣೆಯಂಶ ಇರುತ್ತೆ. ಕಾಳಾಗಿದ್ದಾಗ ಅದು ಸುಮ್ಮನಿರುತ್ತೆ, ಹಿಟ್ಟಾದ ಮೇಲೆ ಗಾಳಿಗೆ ಕೆಡುತ್ತೆ. ಬೇಸಿಗೆಯಲ್ಲಿ ಎರಡು ಮೂರು ವಾರ ದಾಟಿದರೆ ಕಹಿ ಬರುತ್ತೆ, ಅದಕ್ಕೂ ಮೊದಲೇ ಜಿಗಿ, ಅಂದರೆ ಹಿಟ್ಟಿನ ಅಂಟು, ಹೋಗಿರುತ್ತೆ. ಜಿಗಿ ಹೋದ ಹಿಟ್ಟಿನಲ್ಲಿ ದೇವರೇ ಬಂದು ಬಡಿದರೂ ಅಂಚು ಒಡೆಯುತ್ತೆ. ಪ್ಯಾಕೆಟ್ ಹಿಟ್ಟು ತಂದು ಕಲಿಯೋಕೆ ಹೊರಟವರು ತಮ್ಮ ಕೈಯನ್ನ ಬೈದುಕೊಳ್ತಾರೆ. ಮೊದಲು ಪ್ಯಾಕೆಟ್ ಮೇಲಿನ ತಾರೀಖು ನೋಡಬೇಕು.

ಗಿರಣಿಗೆ ಒಯ್ಯೋ ಮೊದಲು ಜೋಳ ಹಸನು ಮಾಡಬೇಕು. ಮೊರದಲ್ಲಿ ಕೇರಿ, ಹಳ್ಳು, ಮಣ್ಣಿನ ಸಣ್ಣ ಹೆಂಟಿ ಆರಿಸಿದರೆ ಸಾಕು, ತೊಳೆಯೋದು ಬೇಡ. ತೊಳೆದ ಜೋಳ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತೆ, ಗಿರಣಿ ಕಲ್ಲಿಗೆ ಮೆತ್ತಿಕೊಳ್ಳುತ್ತೆ, ಹಿಟ್ಟು ಬಿಸಿಯಾಗಿ ಹೊರಬರುತ್ತೆ. ಗಿರಣಿಯವರಿಗೆ "ರೊಟ್ಟಿಗ್ರೀ, ಸಣ್ಣಗ ಬೀಸ್ರಿ" ಅಂತ ಹೇಳಲೇಬೇಕು. ಬೆರಳ ನಡುವೆ ಉಜ್ಜಿದರೆ ರವೆ ಸಿಗಬಾರದು. ನಮಗಿಂತ ಮುಂಚೆ ಯಾರೋ ಅಕ್ಕಿಯೋ ಕಡಲೆಯೋ ಬೀಸಿಸಿದ್ದರೆ ಮೊದಲ ಎರಡು ಹಿಡಿ ಹಿಟ್ಟನ್ನ ಬೇರೆ ತೆಗೆದಿಡಿ, ಬಡಿಯೋವಾಗ ಕೆಳಗೆ ಉದುರಿಸೋಕೆ ಬರುತ್ತೆ. ಮನೆಗೆ ತಂದ ಹಿಟ್ಟು ಬೆಚ್ಚಗೇ ಇರುತ್ತೆ. ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರಿ ಗಂಟು ಕಟ್ಟುತ್ತೆ. ಪೇಪರಿನ ಮೇಲೆ ಹರಡಿ, ಪೂರಾ ಆರಿದ ಮೇಲೆ ತುಂಬಬೇಕು. ಫ್ಯಾನ್ ಬೇಡ. ಯಾಕೆ ಬೇಡ ಅಂತ ಒಮ್ಮೆ ಹಾಕಿದರೆ ಗೊತ್ತಾಗುತ್ತೆ, ಆಮೇಲೆ ಮನೆ ಪೂರ್ತಿ ಒರೆಸಬೇಕು.

ಹಂಚು ಕಬ್ಬಿಣದ್ದೇ ಆಗಬೇಕು, ದಪ್ಪನೆಯದು, ನಡುವೆ ತುಸು ತಗ್ಗಿರೋದು, ಕನಿಷ್ಠ ಹನ್ನೊಂದು ಇಂಚು. ತೆಳು ಹಂಚಿನಲ್ಲಿ ಬೆಂಕಿ ಇದ್ದಲ್ಲಿ ಸುಡುತ್ತೆ, ಇಲ್ಲದಲ್ಲಿ ಹಸಿ ಉಳಿಯುತ್ತೆ. ಮದುವೆಗೆ ಉಡುಗೊರೆ ಬಂದ ನಾನ್‌ಸ್ಟಿಕ್ ತವಾ ಎತ್ತಿಡಿ; ಖಾಲಿ ಹಂಚನ್ನ ಇಷ್ಟು ಕಾಯಿಸೋದು ಅದಕ್ಕೆ ಸಲ್ಲದು. ದೋಸೆ ಹಂಚೂ ಬೇಡ. ದೋಸೆ ಹಂಚಿಗೆ ಎಣ್ಣೆ ಹತ್ತಿರುತ್ತೆ, ರೊಟ್ಟಿ ಹಂಚಿಗೆ ಎಣ್ಣೆ ಸೋಕಬಾರದು. ಎಣ್ಣೆ ಇದ್ದಲ್ಲಿ ಒಣ ಹಿಟ್ಟು ಕರಕಾಗಿ ಅಂಟುತ್ತೆ, ಅಡುಗೆಮನೆ ತುಂಬಾ ಹೊಗೆ. ಸಂತೆಯಲ್ಲಿ ಕೊಂಡ ಹೊಸ ಹಂಚಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಅದನ್ನ ಸೋಪು, ಬೂದಿ ಹಾಕಿ ಎರಡು ಮೂರು ಸಲ ತಿಕ್ಕಿ, ಹೊಗೆ ಬರೋತನಕ ಕಾಯಿಸಿ, ಒಣ ಹಿಟ್ಟು ಉದುರಿಸಿ ಅರಿವಿಯಿಂದ (ಬಟ್ಟೆಯಿಂದ) ಉಜ್ಜಬೇಕು. ಹಿಟ್ಟು ಕಂದಾಗುತ್ತೆ, ಒರೆಸಿ ಚೆಲ್ಲಿ. ಮೊದಲ ಎರಡು ಮೂರು ರೊಟ್ಟಿ ಹೇಗೂ ದನಕ್ಕೆ.

ಎಲ್ಲಿ ನಿಂತು ಮಾಡಬೇಕು ಅನ್ನೋದು ಯಾರೂ ಹೇಳದ ವಿಷಯ. ಹಳ್ಳಿ ಮನೆಯಲ್ಲಿ ಒಲೆ ನೆಲದ ಮೇಲೆ, ಬಡಿಯೋ ಕಲ್ಲೂ ನೆಲದ ಮೇಲೆ, ಕೂತಲ್ಲೇ ಎರಡೂ ಕೈಗೆ ಸಿಗುತ್ತೆ. ಊರೊಳಗಿನ ಬಾಡಿಗೆ ಮನೆಯಲ್ಲಿ ಗ್ಯಾಸ್ ಕಟ್ಟೆ ಮೇಲಿರುತ್ತೆ. ಗ್ಯಾಸ್ ಒಲೆಯನ್ನ ನೆಲಕ್ಕಿಳಿಸೋ ಯೋಚನೆ ಬೇಡ. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲೆ ಇರಬೇಕು. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತೆ. ಇನ್ನು ನೆಲದ ಮೇಲೆ ಬಡಿದು ಕಟ್ಟೆ ಮೇಲೆ ಬೇಯಿಸೋಣ ಅಂದರೆ ನೆಲದಿಂದ ಹಂಚಿಗೆ ಏರೋದರೊಳಗೆ ರೊಟ್ಟಿ ಹರಿಯುತ್ತೆ. ಸರಿಯಾದ ದಾರಿ ಅಂದರೆ ಒಲೆ ಪಕ್ಕದ ಗ್ರಾನೈಟ್ ಕಟ್ಟೆ ಮೇಲೇ ಬಡಿಯೋದು. ಗ್ರಾನೈಟು ಬಡಿಯೋಕೆ ಹೇಳಿ ಮಾಡಿಸಿದ ಕಲ್ಲು. ತೊಂದರೆ ಎತ್ತರದ್ದು: ಕಟ್ಟೆ ಸೊಂಟದ ಮೇಲೆ ಬಂದರೆ ತೋಳಿನಿಂದ ಬಡೀಬೇಕಾಗುತ್ತೆ, ನಾಲ್ಕನೇ ರೊಟ್ಟಿಗೆ ಭುಜ ಹಿಡಿಯುತ್ತೆ. ಕಾಲ ಕೆಳಗೆ ಊಟದ ಮಣೆ ಹಾಕಿಕೊಂಡು ನಿಂತರೆ ಮೈ ಭಾರ ಅಂಗೈಗೆ ಇಳಿಯುತ್ತೆ. ಬಲಗೈ ರೂಢಿಯವರು ಬಡೀತಿದ್ದರೆ ಒಲೆ ಅವರ ಎಡಕ್ಕಿರಲಿ, ಬೇಯಿಸೋರು ಅದರ ಆಚೆ ನಿಲ್ಲಲಿ. ಇಬ್ಬರ ಮೊಣಕೈ ಒಂದಕ್ಕೊಂದು ತಾಗಬಾರದು.

ಇನ್ನು ಎಸರು. ನನ್ನ ಪ್ರಕಾರ ರೊಟ್ಟಿಯ ಮುಕ್ಕಾಲು ಭಾಗ ಇಲ್ಲೇ ತೀರ್ಮಾನ ಆಗಿಹೋಗುತ್ತೆ.

ಗೋಧಿ ಹಿಟ್ಟಿನಲ್ಲಿ ನಾದಿದಷ್ಟೂ ಎಳೆಯಾಗಿ ಬರೋ ಅಂಟು ಪದಾರ್ಥ ಒಂದಿದೆ, ಗ್ಲುಟೆನ್ ಅಂತ. ಜೋಳದಲ್ಲಿ ಅದಿಲ್ಲ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಹಸಿ ಮರಳಿದ್ದ ಹಾಗೆ, ಹಿಡಿದರೆ ನಿಲ್ಲುತ್ತೆ, ಬಡಿದರೆ ಉದುರುತ್ತೆ. ಕುದಿಯೋ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಗಂಜಿಯ ಹಾಗೆ ಅಂಟಾಗುತ್ತೆ, ಆ ಗಂಜಿಯೇ ಉಳಿದ ಹಿಟ್ಟನ್ನ ಹಿಡಿದುಕೊಳ್ಳೋದು. ಸುಮಾರು 70 ಡಿಗ್ರಿ ದಾಟದ ನೀರಲ್ಲಿ ಈ ಕೆಲಸ ಆಗೋದಿಲ್ಲ. ಅದಕ್ಕೇ ಬರೀ ಬಿಸಿ ನೀರು ಸಾಲದು, ಕೊತಕೊತ ಕುದೀತಿರಬೇಕು. ಕುದಿಸಿಟ್ಟು, ಫೋನಲ್ಲಿ ಮಾತಾಡಿ ಬಂದು ಹಾಕಿದ ನೀರು ಎಸರಲ್ಲ.

ಅರ್ಧ ಕೆಜಿ ಹಿಟ್ಟನ್ನ ಸಾಣಿಗೆಯಲ್ಲಿ ಹಿಡಿದು ಅಗಲವಾದ ಪರಾತಕ್ಕೆ ಹಾಕಿ. ಉದುರಿಸೋಕೆ ಅಂತ ಒಂದು ಹಿಡಿ ಹಿಟ್ಟು ಬೇರೆ ಇರಲಿ. ನಡುವೆ ಕುಣಿ ಮಾಡಿ 300 ಮಿಲಿ ಕುದಿಯೋ ನೀರನ್ನ ಅದರೊಳಗೆ ಸುರಿದು, ಸುತ್ತಲಿನ ಹಿಟ್ಟನ್ನ ಸವಟಿನಿಂದ ಅದರ ಮೇಲೆ ಎಳೆದು ಮುಚ್ಚಿ. ಮೂರು ನಿಮಿಷ ಕೈ ಹಾಕಬಾರದು. ಒಳಗೆ ಬೇಯುತ್ತಿರುತ್ತೆ. ಆಮೇಲೆ ಸವಟಿನಿಂದಲೇ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ನಾದೋಕೆ ಶುರು ಮಾಡಿ. ಪಕ್ಕದಲ್ಲಿ ಒಂದು ಬಟ್ಟಲು ಬೆಚ್ಚಗಿನ ನೀರು ಬೇಕು. ನಾದುತ್ತಾ ಚಿಮುಕಿಸುತ್ತಾ ಹೋದರೆ ಇನ್ನೊಂದು 100ರಿಂದ 150 ಮಿಲಿ ಹಿಡಿಯುತ್ತೆ. ಹೊಸ ಜೋಳ ಕಡಿಮೆ ಕುಡಿಯುತ್ತೆ, ಹಳೇ ಜೋಳ ಹೆಚ್ಚು. ಉಪ್ಪು ಹಾಕೋದಿಲ್ಲ.

ಎಲ್ಲಾ ಹಿಟ್ಟನ್ನ ಒಂದೇ ಸಲ ನುಣ್ಣಗೆ ನಾದಿಡೋದು ಹೊಸಬರು ಮಾಡೋ ತಪ್ಪು. ಚಪಾತಿ ಹಿಟ್ಟಿನ ಹಾಗೆ ಇದು ನೆನೆದಷ್ಟೂ ಚೆನ್ನಾಗಿ ಆಗೋದಿಲ್ಲ, ಇಟ್ಟಷ್ಟೂ ಬಿರುಸಾಗುತ್ತೆ. ಒಂದು ರೊಟ್ಟಿಗೆ ಬೇಕಾದಷ್ಟು, ಅಂದರೆ 110 ಗ್ರಾಂ ಸುಮಾರಿನ ಉಂಡಿ, ಅಷ್ಟನ್ನೇ ಮುರಿದುಕೊಂಡು ಅಂಗೈ ಬುಡದಿಂದ ಪರಾತಕ್ಕೆ ಒತ್ತಿ ಒತ್ತಿ ನಾದಬೇಕು. ಉಳಿದದ್ದರ ಮೇಲೆ ಒದ್ದೆ ಅರಿವಿ. ಸಾಕಷ್ಟು ನಾದಿದ್ದು ಗೊತ್ತಾಗೋಕೆ ಒಂದು ಪರೀಕ್ಷೆ: ಉಂಡಿಯನ್ನ ಅಂಗೈಯಲ್ಲಿ ಚಪ್ಪಟೆ ಮಾಡಿ, ಅಂಚಲ್ಲಿ ಬಿರುಕು ಬಿಟ್ಟರೆ ಇನ್ನೂ ನಾದಬೇಕು, ಇಲ್ಲವೇ ಒಂದು ಚಿಟಿಕೆ ನೀರು ಬೇಕು. ಬಿರುಕಿಲ್ಲದೆ ಬಿಲ್ಲೆಯಾದರೆ ತಯಾರು. ಈ ಪರೀಕ್ಷೆ ತಪ್ಪಿಸಿ ನೇರ ಬಡಿದರೆ ಅದೇ ಬಿರುಕು ರೊಟ್ಟಿ ದೊಡ್ಡದಾದಷ್ಟೂ ದೊಡ್ಡದಾಗಿ, ಕೊನೆಗೆ ನಕಾಶೆಯಲ್ಲಿ ನದಿ ಹರಿದ ಹಾಗೆ ನಡುವಿನ ತನಕ ಬರುತ್ತೆ.

ಬಡಿಯೋದನ್ನ ಬರೆದು ಕಲಿಸೋದು ಕಷ್ಟ, ಆದರೂ ಕೈಯ ಲೆಕ್ಕ ಇಷ್ಟು. ಕಲ್ಲಿನ ಮೇಲೆ ಹಿಟ್ಟು ಉದುರಿಸಿ, ಉಂಡಿಯ ಎರಡೂ ಬದಿಗೆ ಹಿಟ್ಟು ಹಚ್ಚಿ ಇಡಿ. ಬಲ ಅಂಗೈ ಬಡೀಬೇಕು, ಎಡಗೈ ಬೆರಳು ಅಂಚನ್ನ ಕಾಯಬೇಕು. ಏಟು ನಡುವೆ ಬೀಳಬಾರದು. ನಡುವಿಗೂ ಅಂಚಿಗೂ ಮಧ್ಯದ ಜಾಗಕ್ಕೆ, ತುಸು ಹೊರಕ್ಕೆ ತಳ್ಳಿದ ಹಾಗೆ ಬೀಳಬೇಕು. ಹಾಗೆ ಬಿದ್ದರೆ ಪ್ರತಿ ಏಟಿಗೂ ರೊಟ್ಟಿ ತಾನೇ ಅಷ್ಟಷ್ಟು ತಿರುಗುತ್ತೆ. ರೊಟ್ಟಿ ತಿರುಗೋದು ನಿಂತಿತು ಅಂದರೆ ಕೆಳಗೆ ಹಿಟ್ಟು ಮುಗಿದಿದೆ ಅಂತ. ತಕ್ಷಣ ಎತ್ತಿ ಹಿಟ್ಟು ಉದುರಿಸಿ. ಅಂಟಿದ ಮೇಲೆ ಕೆರೆದು ಎತ್ತಿದ ರೊಟ್ಟಿ ಉಬ್ಬೋದಿಲ್ಲ. ನಾವು ಮೊದಲ ವಾರ ಆರು ಇಂಚಿಗೇ ನಿಲ್ಲಿಸಿದೆವು. ಸಣ್ಣ ರೊಟ್ಟಿ ಎತ್ತೋದು ಸುಲಭ, ಹರಿಯೋದು ಕಡಿಮೆ, ತಟ್ಟೆಯಲ್ಲಿ ನೋಡೋಕೆ ಮಕ್ಕಳಾಟದ ಹಾಗೆ ಕಾಣುತ್ತೆ, ಕಾಣಲಿ. ಮೂರನೇ ವಾರಕ್ಕೆ ಒಂಬತ್ತು ಇಂಚು ಬಂತು. ದಪ್ಪ ಎರಡು ಮಿಲಿಮೀಟರಿನಷ್ಟು, ಮುಖ್ಯವಾಗಿ ಎಲ್ಲಾ ಕಡೆ ಒಂದೇ. ನಡು ತೆಳು, ಅಂಚು ದಪ್ಪ ಆದರೆ ನಡುವೆ ಕರಕು, ಅಂಚು ಹಸಿ.

ಲಟ್ಟಣಿಗೆಯಿಂದ ಲಟ್ಟಿಸಬಹುದಲ್ಲ ಅಂತ ಕೇಳೋರಿದ್ದಾರೆ. ಲಟ್ಟಿಸಬಹುದು. ನೀರು ಕುದಿಸಿ ಹಿಟ್ಟನ್ನ ಅದರಲ್ಲೇ ಹಾಕಿ ಮುದ್ದೆ ಮಾಡಿಕೊಂಡರೆ ಲಟ್ಟಣಿಗೆಗೆ ಚೆನ್ನಾಗಿ ಬರುತ್ತೆ, ಅವಸರದ ಬೆಳಿಗ್ಗೆಗೆ ನಾವೂ ಮಾಡ್ತೀವಿ. ಗುಂಡಗೆ, ತೆಳ್ಳಗೆ, ಫೋಟೋಕ್ಕೆ ಚೆಂದ. ಆದರೆ ಮುದ್ದೆ ಮಾಡಿದ ಹಿಟ್ಟಿನ ರೊಟ್ಟಿ ಆರಿದ ಮೇಲೆ ಬಡಿದ ರೊಟ್ಟಿಯ ಹಾಗೆ ಮುರಿಯೋದಿಲ್ಲ, ತೊಗಲಿನ ಹಾಗೆ ಜಗ್ಗುತ್ತೆ. ಇದು ನಮ್ಮ ಹಲ್ಲಿನ ತೀರ್ಪು.

ಈಗ ಎತ್ತೋದು. ಇಲ್ಲಿ ಬಡಿದವರ ಕೆಲಸ ಮುಗಿದು ಬೇಯಿಸೋರ ಕೆಲಸ ಶುರುವಾಗುತ್ತೆ ಅಂತ ಅನ್ನಿಸಿದರೂ ಎತ್ತಿ ಹಂಚಿಗೆ ಹಾಕೋದು ಬಡಿದವರೇ ಆಗಬೇಕು. ಹಸಿ ರೊಟ್ಟಿಯನ್ನ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸೋಕೆ ಹೋದರೆ ಹರಿಯುತ್ತೆ. ರೊಟ್ಟಿಯನ್ನ ಕಲ್ಲಿನ ಅಂಚಿಗೆ ಸರಿಸಿ, ಅರ್ಧ ಹೊರಬಂದ ಮೇಲೆ ಎಡ ಅಂಗೈ ಕೆಳಗೆ ಕೊಟ್ಟು, ಬಲಗೈಯಿಂದ ಉಳಿದ ಅರ್ಧ ಹಿಡಿದು, ಹಿಟ್ಟು ಹತ್ತಿದ ತಳ ಮೇಲೆ ಬರೋ ಹಾಗೆ ಹಂಚಿಗೆ ಹಾಸಬೇಕು. ಒಂದು ಅಂಚು ಮೊದಲು ತಾಗಲಿ, ಉಳಿದದ್ದು ತಾನೇ ಮಲಗುತ್ತೆ. ಮೇಲಿಂದ ಬಿಟ್ಟರೆ ಒಳಗೆ ಗಾಳಿ ಸಿಕ್ಕಿ ಅಲ್ಲಲ್ಲಿ ಗುಳ್ಳೆ.

ಬೇಯಿಸೋರ ಕೈಯಲ್ಲಿ ನೀರಲ್ಲಿ ಅದ್ದಿ ಹಿಂಡಿದ ಅರಿವಿ ತುಂಡು ಸಿದ್ಧ ಇರಬೇಕು. ರೊಟ್ಟಿ ಬಿದ್ದು ಐದಾರು ಸೆಕೆಂಡಿಗೆ ಮೇಲ್ಭಾಗಕ್ಕೆಲ್ಲಾ ನೀರು ಸವರಬೇಕು, ಅಂಚಿನ ತನಕ, ಒಣ ಹಿಟ್ಟಿನ ಬಿಳುಪು ಎಲ್ಲೂ ಉಳಿಯದ ಹಾಗೆ. ಈ ನೀರಿಗೆ ಎರಡು ಕೆಲಸ. ಅಂಟಿದ ಒಣ ಹಿಟ್ಟನ್ನ ತೊಳೆಯೋದು ಒಂದು. ಅದು ಉಳಿದರೆ ಸುಟ್ಟು ಕಹಿಯಾಗುತ್ತೆ. ಇನ್ನೊಂದು, ಮೇಲಿನ ಪದರವನ್ನ ಮೆತ್ತಗಿಟ್ಟು, ಒಳಗಿನ ಹಬೆಗೆ ಹಿಗ್ಗೋಕೆ ಜಾಗ ಕೊಡೋದು. ಸವರಿದ ಮೇಲೆ ನೀರು ಹಿಂಗುತ್ತಾ ಬರುತ್ತೆ. ಹೊಳಪು ಹೋಗಿ ಇನ್ನೂ ಬಣ್ಣ ಹಸಿಯಾಗಿರೋ ಹೊತ್ತು, ಮಧ್ಯಮ ಉರಿಯಲ್ಲಿ ಇಪ್ಪತ್ತರಿಂದ ಮೂವತ್ತು ಸೆಕೆಂಡ್, ಆಗಲೇ ಹೊರಳಿಸಬೇಕು. ಬೇಗ ಹೊರಳಿಸಿದರೆ ಹಸಿ ಮೈ ಹಂಚಿಗೆ ಹಿಡಿಯುತ್ತೆ. ತಡವಾದರೆ ಮೇಲ್ಭಾಗ ಒಣಗಿ ಕೆರೆಯ ತಳದ ಹಾಗೆ ಸೀಳುತ್ತೆ, ಹಬೆಯೆಲ್ಲಾ ಆ ಸೀಳಿನಿಂದ ಹೋಗಿ ರೊಟ್ಟಿ ಹಪ್ಪಳ.

ನಮ್ಮ ಅಡುಗೆಮನೆಯಲ್ಲಿ ಅತಿ ಹೆಚ್ಚು ಕೇಳಿಬರೋ ಮಾತು ಇದೇ: "ಹೊರಳಸ್ರೀ, ನೀರು ಆರೇತಿ!" "ತಡಿ, ಇನ್ನಾ ಹಸಿ ಐತಿ." ಬಡಿಯೋರಿಗೆ ದೂರದಿಂದ ನೀರು ಆರಿದ್ದು ಕಾಣುತ್ತೆ, ಬೇಯಿಸೋರಿಗೆ ಹತ್ತಿರದಿಂದ ಹಸಿ ಕಾಣುತ್ತೆ. ಕಿಟಕಿ ಬೆಳಕು ಹಂಚಿನ ಎದುರಿಂದ ಬೀಳೋ ಕಡೆ ನಿಂತವರ ಮಾತೇ ಸಾಮಾನ್ಯವಾಗಿ ನಿಜ, ಹೊಳಪು ಅವರಿಗೇ ಕಾಣೋದು.

ಹೊರಳಿಸಿದ ಮೇಲೆ ಈ ಬದಿ ಪೂರ್ತಿ ಬೇಯಬೇಕು, ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಗ್ಯಾಸಿನ ಉರಿ ನಡುವಿಗಷ್ಟೇ ತಾಗುತ್ತೆ, ರೊಟ್ಟಿ ಅದಕ್ಕಿಂತ ಅಗಲ. ಹಾಗಾಗಿ ಹಂಚನ್ನೇ ಇಕ್ಕಳದಿಂದ ಹಿಡಿದು ಒಂದೊಂದು ಕಡೆ ಉರಿಗೆ ಸರಿಸುತ್ತಾ ಇರಬೇಕು. ಅಲ್ಲಲ್ಲಿ ಕಂದು ಚುಕ್ಕಿ ಬಿದ್ದ ಮೇಲೆ ಮತ್ತೆ ಹೊರಳಿಸಿ, ಒಣ ಅರಿವಿಯಿಂದ ಅಂಚನ್ನ ಮೆಲ್ಲಗೆ ಒತ್ತಿ. ಒಂದು ಕಡೆಯಿಂದ ಎದ್ದ ಗುಳ್ಳೆ ಅರಿವಿ ಒತ್ತಿದ ಹಾಗೆ ಇನ್ನೊಂದು ಕಡೆಗೆ ಓಡಿ, ಎರಡು ಪದರ ಬಿಟ್ಟುಕೊಂಡು ರೊಟ್ಟಿ ಪೂರ್ತಿ ಏಳುತ್ತೆ. ಎದ್ದ ರೊಟ್ಟಿಯ ಅಂಚಿನಿಂದ ಹಬೆ ಸಿಳ್ಳೆ ಹಾಕುತ್ತಾ ಬರುತ್ತೆ, ಅದರ ದಾರಿಯಲ್ಲಿ ಬೆರಳಿಡಬೇಡಿ. ಒಲೆಯಿದ್ದ ಮನೆಯಲ್ಲಿ ಈ ಕೊನೆಯ ಸುಡುವಿಕೆ ಕೆಂಡದ ಮುಂದೆ ಆಗ್ತಿತ್ತು. ರೊಟ್ಟಿಯನ್ನ ಒಲೆ ಬಾಯಿಗೆ ಒರಗಿಸಿ ತಿರುಗಿಸೋರು, ಆ ವಾಸನೆ ಗ್ಯಾಸಿಗೆ ಬರೋದಿಲ್ಲ. ಬರ್ನರ್ ಮೇಲೆ ನೇರ ಇಟ್ಟರೂ ಬರೋದಿಲ್ಲ, ಬರೀ ಕರಕು ಬರುತ್ತೆ.

ಉಬ್ಬದಿದ್ದರೆ? ಎಲ್ಲೋ ತೂತು ಅಥವಾ ಸೀಳು ಇದೆ, ಅಥವಾ ಬಡಿಯೋವಾಗ ಮಡಿಕೆ ಬಿದ್ದಿತ್ತು, ಅಥವಾ ಹಂಚು ಕಾದಿರಲಿಲ್ಲ. ಹಂಚು ಕಾದದ್ದಕ್ಕೆ ಗುರುತು: ನಾಲ್ಕು ಹನಿ ನೀರು ಚಿಮುಕಿಸಿದರೆ ಕುಣಿದು ಒಂದೆರಡು ಸೆಕೆಂಡಲ್ಲಿ ಮಾಯವಾಗಬೇಕು, ಒಂದು ಚಿಟಿಕೆ ಹಿಟ್ಟು ಉದುರಿಸಿದರೆ ತಕ್ಷಣ ಕಪ್ಪಾಗಬಾರದು, ನಿಧಾನ ಕಂದಾಗಬೇಕು. ಕಪ್ಪಾದರೆ ಉರಿ ಇಳಿಸಿ, ಒದ್ದೆ ಅರಿವಿಯಿಂದ ಹಂಚನ್ನ ಒಮ್ಮೆ ಒರೆಸಿ. ಪ್ರತಿ ಎರಡು ರೊಟ್ಟಿಗೊಮ್ಮೆ ಹಂಚಿನ ಮೇಲಿನ ಸುಟ್ಟ ಹಿಟ್ಟನ್ನ ಒಣ ಅರಿವಿಯಿಂದ ಹೊಡೆದು ತೆಗೀಬೇಕು, ಇಲ್ಲದಿದ್ದರೆ ಐದನೇ ರೊಟ್ಟಿಯ ಮೈ ತುಂಬಾ ಕರಿ ಪುಡಿ.

ಇಬ್ಬರ ಹೊಂದಾಣಿಕೆಗೆ ನಾವು ಕಂಡುಕೊಂಡ ಲೆಕ್ಕ ಬಹಳ ಸರಳ: ಬಡಿಯೋರು ಕಲಿಯೋತನಕ ಬೇಯಿಸೋರು ಉಂಡಿ ನಾದಿ ಕೊಡಬೇಕು. ರೊಟ್ಟಿ ಬೇಯೋ ಎರಡು ನಿಮಿಷದಲ್ಲಿ ಕೈ ಖಾಲಿ ಇರೋ ಹೊತ್ತು ಸಾಕಷ್ಟು ಸಿಗುತ್ತೆ. ಹಂಚು ಖಾಲಿಯಾದ ಕೂಡಲೇ ಉರಿ ಸಣ್ಣ, ರೊಟ್ಟಿ ಕಲ್ಲಿನಿಂದ ಎದ್ದ ಕೂಡಲೇ ಉರಿ ದೊಡ್ಡ. ಗ್ಯಾಸ್ ಗುಬುಟಿನ ಮೇಲೆ ಯಾವಾಗಲೂ ಬೇಯಿಸೋರ ಎಡಗೈ. ಬಡಿಯೋರ ವೇಗ ಹೆಚ್ಚಾದ ದಿನ ತೊಂದರೆ ಉಲ್ಟಾ ಆಗುತ್ತೆ. ಬಡಿದ ರೊಟ್ಟಿ ಕಲ್ಲಿನ ಮೇಲೆ ಕಾಯುತ್ತಾ ಕೂತು ತಳ ಹಿಡಿಯುತ್ತೆ. ಆಗ ಬಡಿಯೋರು ತಡೀಬೇಕು, ಎರಡು ರೊಟ್ಟಿ ಬಡಿದು ಸಾಲಾಗಿ ಇಟ್ಟುಕೊಳ್ಳೋ ಜಾಣತನ ಬೇಡ. ಪಕ್ಕದ ಮನೆಯ ಯಕ್ಕ ಬಾಗಿಲಲ್ಲಿ ನಿಂತು ನೋಡಿ, "ಗಂಡ್ಸು ಹಂಚಿನ ಮುಂದ ನಿಂತಾನ, ಛಲೋ ಆತು ಬಿಡ್ರಿ," ಅಂದು ನಕ್ಕಿದ್ದರು. ಈಗ ಅವರೇ ಉಬ್ಬದ ರೊಟ್ಟಿ ಕಂಡರೆ "ಯಾರ ಪಾಳಿ ಇವತ್ತ?" ಅಂತ ಕೇಳ್ತಾರೆ. ಪಾಳಿ ಬದಲಾಯಿಸೋದೂ ಒಳ್ಳೇದೇ. ಬಡಿದು ಗೊತ್ತಿದ್ದವರಿಗೇ ಹೊರಳಿಸೋ ಹೊತ್ತು ಬೇಗ ತಿಳಿಯೋದು.

ಬೇಸಿಗೆಯಲ್ಲಿ ಇದೆಲ್ಲಾ ಬೆಳಿಗ್ಗೆ ಏಳೂವರೆಯೊಳಗೆ ಮುಗೀಬೇಕು. ಏಪ್ರಿಲ್-ಮೇ ತಿಂಗಳ ನಮ್ಮ ಕಡೆಯ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು, ಅದರ ಮೇಲೆ ಉರಿ ಅಲ್ಲಾಡಬಾರದು ಅಂತ ಫ್ಯಾನ್ ಬಂದ್. ಇದರಿಂದ ತಪ್ಪಿಸಿಕೊಳ್ಳೋ ಹಳೇ ಉಪಾಯ ಖಡಕ್ ರೊಟ್ಟಿ. ವಾರಕ್ಕೊಮ್ಮೆ, ಭಾನುವಾರ ನಸುಕಿನಲ್ಲಿ, ಒಂದು ಕೆಜಿ ಹಿಟ್ಟಿನದ್ದು ಮಾಡಿಟ್ಟರೆ ಎರಡು ಮೂರು ದಿನ ಒಲೆ ಹಚ್ಚದೇ ಊಟ. ಉಂಡಿ 80 ಗ್ರಾಂ, ಅಗಲ ಅಷ್ಟೇ, ಹಾಗಾಗಿ ತೆಳು. ಉಬ್ಬಿದ ಮೇಲೆ ಇಳಿಸದೆ ಉರಿ ತೀರಾ ಸಣ್ಣ ಮಾಡಿ, ಅರಿವಿಯಿಂದ ಒತ್ತಿ ಹಬೆ ಬಿಡಿಸಿ, ಚಪ್ಪಟೆ ಮಾಡಿ ಎರಡೂ ಬದಿ ಒಣಗಿಸಬೇಕು. ಬಿಸಿ ಇದ್ದಾಗ ಒಂದರ ಮೇಲೊಂದು ಪೇರಿಸಿದರೆ ನಡುವಿನವು ಬೆವರಿ ಮೆತ್ತಗಾಗುತ್ತವೆ. ಒಂದೊಂದಾಗಿ ಗೋಡೆಗೆ ಒರಗಿಸಿ ಆರಿಸಿ, ಆಮೇಲೆ ಪೇರಿಸಬೇಕು. ಚೆನ್ನಾಗಿ ಒಣಗಿದ್ದು ಮುರಿದರೆ ಟಕ್ ಅನ್ನಬೇಕು, ಬಾಗಬಾರದು. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳು ತಡೆಯುತ್ತೆ.

ಒಂದು ಮಾತು ಮರೆಯಬೇಡಿ: ಏರ್ ಕೂಲರ್. ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಅದು ನೀರಿನ ಪಸೆಯನ್ನೇ ಗಾಳಿಯಲ್ಲಿ ಊದೋ ಯಂತ್ರ. ಅದರ ಎದುರಿಗೆ ರೊಟ್ಟಿ ಬುಟ್ಟಿ ಇಟ್ಟರೆ ಒಂದು ರಾತ್ರಿಯಲ್ಲಿ ಖಡಕ್ ಅನ್ನೋದೆಲ್ಲಾ ಹೋಗಿ ಚರ್ಮದ ಹಾಗಾಗುತ್ತೆ. ಬುಟ್ಟಿ ಕೂಲರ್ ಗಾಳಿ ಬರದ ಕೋಣೆಯಲ್ಲಿರಲಿ. ಮೆತ್ತಗಾದದ್ದನ್ನ ಸಣ್ಣ ಉರಿಯ ಹಂಚಿನ ಮೇಲೆ ಒಂದೊಂದು ನಿಮಿಷ ಬಿಸಿ ಮಾಡಿದರೆ ಮತ್ತೆ ಸರಿಹೋಗುತ್ತೆ.

ಖಡಕ್ ರೊಟ್ಟಿಯ ದೊಡ್ಡ ಲೆಕ್ಕ ನೋಡಬೇಕಂದರೆ ಜನವರಿ ಹೊತ್ತಿನ ಕೊಪ್ಪಳದ ಗವಿಮಠದ ಜಾತ್ರೆಗೆ ಬರಬೇಕು. ಸುತ್ತಲಿನ ಹಳ್ಳಿಗಳು ದಾಸೋಹಕ್ಕೆ ಅಂತ ಲಕ್ಷಗಟ್ಟಲೆ ರೊಟ್ಟಿ ಮಾಡಿ ಬಂಡಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರ್ತಾವೆ. ಅಷ್ಟು ರೊಟ್ಟಿ ಮುರಿಯದೆ ಬರೋದು ಪೇರಿಸೋ ರೀತಿಯಲ್ಲಿದೆ: ಗೋಪುರದ ಹಾಗಲ್ಲ, ಬುಟ್ಟಿಯ ಗೋಡೆಗೆ ತಾಗುವಂತೆ ಒತ್ತೊತ್ತಾಗಿ, ಅಲ್ಲಾಡೋಕೆ ಸಂದೇ ಇಲ್ಲದ ಹಾಗೆ.

ಇನ್ನು ಜೋಳ ಕೊಳ್ಳೋ ವಿಷಯ. ತಿಂಗಳಿಗೆ ಇಬ್ಬರಿಗೆ ಹದಿನೈದು ಕೆಜಿ ಸುಮಾರು, ಅಂದರೆ ಒಂದು ಕ್ವಿಂಟಲ್ ಆರೇಳು ತಿಂಗಳು ಬರುತ್ತೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಬಿಳಿ ಜೋಳ ಫೆಬ್ರುವರಿಯಿಂದ ರಾಶಿಯಾಗುತ್ತೆ. ಮಾರ್ಚ್‌ನಲ್ಲಿ ಒಂದು ಭಾನುವಾರ ಕುಕನೂರು ಕಡೆ ಹೋಗಿ ತಂದರೆ ಜೋಳವೂ ಆಯಿತು, ತಿರುಗಾಟವೂ ಆಯಿತು. ಅಲ್ಲಿಂದ ಏಳು ಕಿಲೋಮೀಟರಿಗೆ ಇಟಗಿ. ಕಲ್ಯಾಣಿ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನದಲ್ಲೇ ದೇವಾಲಯ ಚಕ್ರವರ್ತಿ ಅಂತ ಹೊಗಳಿಸಿಕೊಂಡ ಗುಡಿ ಇರೋದು ಅಲ್ಲಿ. ಹಂಪಿಗೆ ನುಗ್ಗೋ ಜನದಲ್ಲಿ ನೂರಕ್ಕೊಬ್ಬರೂ ಈ ಕಡೆ ತಿರುಗೋದಿಲ್ಲ ಅನ್ನಿಸುತ್ತೆ. ಬೆಳಿಗ್ಗೆ ಹೋದರೆ ಕಂಬಗಳ ನಡುವೆ ನೀವಿಬ್ಬರೇ.

ಬುತ್ತಿ ಕಟ್ಟೋದರಲ್ಲೂ ಎರಡು ಸಂಗತಿ. ಮೆತ್ತನೆ ರೊಟ್ಟಿಯನ್ನ ಬಿಸಿ ಇದ್ದಾಗಲೇ ನಾಲ್ಕು ಮಡಿಕೆ ಮಾಡಿ ಹತ್ತಿ ಅರಿವಿಯಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಹಬೆ ನೀರಾಗಿ ಮಧ್ಯಾಹ್ನಕ್ಕೆ ಅಂಟಂಟು. ಖಡಕ್ ರೊಟ್ಟಿ ಒಯ್ಯೋದಾದರೆ ಮನೆಯಲ್ಲೇ ನಾಲ್ಕು ಚೂರು ಮಾಡಿ ಡಬ್ಬಿಗೆ ತುಂಬಿ, ಇಲ್ಲದಿದ್ದರೆ ರಸ್ತೆ ಅದನ್ನ ನಲವತ್ತು ಮಾಡುತ್ತೆ. ಜೊತೆಗೆ ಶೇಂಗಾ ಹಿಂಡಿ (ಚಟ್ನಿ ಪುಡಿ), ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ, ಗಟ್ಟಿ ಮೊಸರು. ಎಣ್ಣೆಗಾಯಿ ಬದನೆಕಾಯಿ ಬೇಕೇಬೇಕು ಅನ್ನೋರು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಹುಡುಕಿಕೊಳ್ಳಿ. ಪುಂಡಿ ಪಲ್ಯ ಬಿಸಿಲಿಗೂ ಬೇಗ ಕೆಡೋದಿಲ್ಲ, ಹುಳಿ ಅದನ್ನ ಕಾಯುತ್ತೆ. ಊಟ ಗುಡಿಯ ಆವರಣದಲ್ಲಿ ಬೇಡ, ಊರ ಹೊರಗೆ ನೆರಳು ನೋಡಿಕೊಳ್ಳಿ.

ಜೋಳ ಆರಿಸೋವಾಗ ಹಿಡಿ ತುಂಬಾ ತೆಗೆದು ಬಿಸಿಲಿಗೆ ಹಿಡಿಯಿರಿ. ಹಿಂಗಾರಿ ಬಿಳಿ ಜೋಳ, ನಮ್ಮವರು ಮಾಲ್ದಂಡಿ ಅನ್ನೋದು, ಮುತ್ತಿನ ಹಾಗೆ ಹೊಳೆಯುತ್ತೆ. ತೆನೆ ಬಲಿಯೋ ಹೊತ್ತಿಗೆ ಮಳೆ ಹಿಂದೆ ಸರಿದಿರೋದರಿಂದ ಕಾಳಿಗೆ ಬೂಷ್ಟು ಹಿಡಿದಿರೋದಿಲ್ಲ. ಮುಂಗಾರಿ ಹೈಬ್ರಿಡ್ ಜೋಳ ಮಂಕಾಗಿ, ಮೂತಿಯಲ್ಲಿ ಕರಿ ಚುಕ್ಕಿ ಇಟ್ಟುಕೊಂಡಿರುತ್ತೆ. ರೇಟು ಕಡಿಮೆ, ಜಿಗಿಯೂ ಕಡಿಮೆ, ರೊಟ್ಟಿ ಆರಿದ ಮೇಲೆ ಬಿರುಸು. ನಾಲ್ಕು ಕಾಳು ಬಾಯಿಗೆ ಹಾಕಿ ಕಡೀಬೇಕು. ಕಟ್ ಅಂತ ಮುರಿದು ಒಳಗೆ ಬಿಳಿ ಹಿಟ್ಟು ಕಂಡರೆ ಒಣಗಿದೆ. ಹಲ್ಲಿಗೆ ಮೆತ್ತಿದರೆ ಇನ್ನೂ ಹಸಿ, ಮನೆಗೆ ತಂದರೆ ಚೀಲದೊಳಗೇ ಕಾವು ಕಟ್ಟಿ ನುಸಿ ಬೀಳುತ್ತೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ಮಾರೋರು ಏನೂ ಅನ್ನೋದಿಲ್ಲ, ಹಾಕಿಕೊಳ್ಳದಿದ್ದರೆ ಪ್ಯಾಟಿಯವರು ಅಂತ ಗೊತ್ತಾಗಿ ರೇಟು ಏರುತ್ತೆ.

ತಂದ ಮೇಲೆ ಎರಡು ದಿನ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ, ರಾತ್ರಿ ಒಳಗೆ ತಂದು ಆರಿಸಿ, ಒಣ ಬೇವಿನ ಎಲೆ ನಡುನಡುವೆ ಹಾಕಿ ತಗಡಿನ ಡಬ್ಬಿಗೆ ತುಂಬಬೇಕು. ಹಿಂದೆ ಇದಕ್ಕೆ ಹಗೇವು ಇರ್ತಿದ್ದವು, ನೆಲದೊಳಗಿನ ಕಣಜ. ಬಾಡಿಗೆ ಮನೆಯಲ್ಲಿ ಅದನ್ನ ತೋಡೋಕೆ ಮಾಲೀಕರು ಬಿಡೋದಿಲ್ಲ.

ಒಂದು ಕ್ವಿಂಟಲನ್ನ ಒಂದೇ ಸಲ ಸ್ಕೂಟರಿನಲ್ಲಿ ತರೋ ಸಾಹಸ ಬೇಡ. ಇಬ್ಬರು ಕೂತ ಮೇಲೆ ಮುಂದೆ ಕಾಲಿಡೋ ಜಾಗದಲ್ಲಿ 25 ಕೆಜಿಯ ಒಂದು ಚೀಲ ನಿಲ್ಲುತ್ತೆ. ಬಾಯಿ ಹೊಲಿದ ಕಡೆ ಮೇಲಕ್ಕಿರಲಿ, ಚೀಲ ಹ್ಯಾಂಡಲಿಗೆ ತಾಗದಿರಲಿ. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗುತ್ತಾ ಅಂತ ಹೊರಡೋ ಮೊದಲೇ ನೋಡಿಕೊಳ್ಳಿ. ಉಳಿದ ಮೂರು ಚೀಲ ಬಸ್ಸಿಗೆ ಲಗೇಜ್ ಟಿಕೆಟ್ ಮಾಡಿಸಿ ಹಾಕಬಹುದು, ಆದರೆ ಚೀಲದ ಜೊತೆ ಒಬ್ಬರು ಬಸ್ಸಿನಲ್ಲಿ ಕೂರಬೇಕು, ಇನ್ನೊಬ್ಬರು ಸ್ಕೂಟರಿನಲ್ಲಿ ಹಿಂದೆ ಬರಬೇಕು. ನಿಲ್ದಾಣದಲ್ಲಿ ಮೊದಲು ತಲುಪಿದವರು ಚೀಲದ ಮೇಲೆ ಕೂತಿರೋದು.